ಕಸವೆಂದು ಎಸೆದ ನೀಲಿ ಮಣ್ಣು

ಚಿನ್ನದ ಗಣಿಯ ಚರಿತ್ರೆಯೆಂದರೆ ಅದೃಷ್ಟದ ಚರಿತ್ರೆಯೆಂದು ಭಾವಿಸುವವರೇ ಹೆಚ್ಚು. ಯಾರೋ ಒಬ್ಬನು ನೆಲವನ್ನು ಅಗೆಯುತ್ತಾನೆ. ಹೊಳೆಯುವ ಲೋಹ ಕಣ್ಣಿಗೆ ಬೀಳುತ್ತದೆ. ಅವನ ದಾರಿದ್ರ್ಯ ನೀಗುತ್ತದೆ. ಕೇಳುವುದಕ್ಕೆ ಇದು ಸೊಗಸಾಗಿದೆ. ಆದರೆ ಹೊಳೆಯುವುದನ್ನು ಎತ್ತಿಕೊಳ್ಳುವುದಕ್ಕೆ ವಿಜ್ಞಾನವೇಕೆ? ಕಣ್ಣೆದುರಿಗೇ ಇದ್ದು ಗುರುತು ಸಿಕ್ಕದುದನ್ನು ಅರಿಯುವುದಕ್ಕೆ ಅದು ಬೇಕು. ಈ ಮಾತಿಗೆ ಅಮೆರಿಕದ ನೆವಾಡ ಸಂಸ್ಥಾನದ ಕಾಮ್‌ಸ್ಟಾಕ್ ಸಿರೆಗಿಂತ ಒಳ್ಳೆಯ ನಿದರ್ಶನವನ್ನು ನಾವು ಕಾಣೆವು. ಸಿರೆಯೆಂದರೆ ಬಂಡೆಯ ಬಿರುಕಿನಲ್ಲಿ ಖನಿಜಗಳು ತುಂಬಿಕೊಂಡು ಆದ ಪಟ್ಟೆ.

1850ರಿಂದಲೇ ಆ ಪ್ರದೇಶದ ಕೊರಕಲುಗಳಲ್ಲಿ ಜನರು ಮರಳನ್ನು ಜಾಲಿಸಿ ಚಿನ್ನದ ಕಣಗಳನ್ನು ಆಯುತ್ತಿದ್ದರು. ಅವರಲ್ಲಿ ಗ್ರೋಶ್ ಎಂಬ ಇಬ್ಬರು ಸಹೋದರರು ಮಾತ್ರ ಅಲ್ಲಿ ಬೆಳ್ಳಿಯೂ ಇದೆಯೆಂದು ಊಹಿಸಿ ಹುಡುಕತೊಡಗಿದರು. 1857ರಲ್ಲಿ ಒಬ್ಬನು ಗುದ್ದಲಿಯ ಗಾಯದಿಂದಲೂ, ಮತ್ತೊಬ್ಬನು ಅದೇ ವರ್ಷದ ಕೊನೆಗೆ ಹಿಮದಲ್ಲಿ ಪರ್ವತವನ್ನು ದಾಟಿ ಬಂದ ಬಳಲಿಕೆಯಿಂದಲೂ ಮಡಿದರು. ಅವರ ತಿಳಿವಳಿಕೆಯೂ ಅವರೊಡನೆಯೇ ಹೋಯಿತು.

1859ರಲ್ಲಿ ಓ'ರೈಲಿ, ಮೆಕ್‌ಲಾಫ್ಲಿನ್ ಎಂಬಿಬ್ಬರು ಬೆಟ್ಟದ ಮೇಲೆ ನೀರಿಗಾಗಿ ಗುಂಡಿ ತೋಡುವಾಗ ಚಿನ್ನ ಬೆರೆತ ಮಣ್ಣನ್ನು ಕಂಡರು. ಅಲ್ಲಿಗೆ ಬಂದ ಹೆನ್ರಿ ಕಾಮ್‌ಸ್ಟಾಕನು ಆ ನೆಲವೇ ತನ್ನದೆಂದು ವಾದಿಸಿ ಪಾಲುಗಾರನಾದುದಲ್ಲದೆ, ಸಿರೆಗೆ ತನ್ನ ಹೆಸರನ್ನೂ ಉಳಿಸಿಹೋದನು. ಆದರೆ ಅವರಿಗೊಂದು ಪೀಡೆ ಕಾದಿತ್ತು. ಚಿನ್ನದೊಡನೆ ನೀಲಿಗಪ್ಪು ಬಣ್ಣದ ತೂಕದ ಮಣ್ಣು ಹೇರಳವಾಗಿ ಬರುತ್ತಿತ್ತು. ಜಾಲಿಸುವ ಪೆಟ್ಟಿಗೆಗಳಲ್ಲಿ ಅದು ಮೆತ್ತಿಕೊಳ್ಳುತ್ತಿತ್ತು. ಬೈಯುತ್ತ ಅದನ್ನು ಪಕ್ಕಕ್ಕೆ ಎಸೆದರು. ಕಡೆಗೆ ಅದರ ಕೆಲವು ತುಂಡುಗಳು ಕ್ಯಾಲಿಫೋರ್ನಿಯದ ಲೋಹಪರೀಕ್ಷಕರ ಕೈಸೇರಿದುವು. ಆ ಮಣ್ಣು ಗಂಧಕದೊಡನೆ ಕೂಡಿದ ಬೆಳ್ಳಿಯ ಅದಿರೆಂದೂ, ಅದರಲ್ಲಿ ಬೆಳ್ಳಿಯ ಬೆಲೆ ಚಿನ್ನದ ಬೆಲೆಯನ್ನು ಎಷ್ಟೋ ಮೀರಿಸಿದೆಯೆಂದೂ ತಿಳಿದುಬಂದಿತು. ಬೆಟ್ಟ ಬದಲಾಗಲಿಲ್ಲ, ಮಣ್ಣೂ ಬದಲಾಗಲಿಲ್ಲ. ಒಂದು ಪರೀಕ್ಷೆಯಿಂದ ಕಸವು ನಿಧಿಯಾಯಿತು.

ಈ ಬೆಳ್ಳಿ ಅಲ್ಲಿಗೆ ಬಂದುದು ಹೇಗೆ? ಸುಮಾರು 1 ಕೋಟಿ 40 ಲಕ್ಷ ವರ್ಷಗಳ ಹಿಂದೆ ಅದು ಜ್ವಾಲಾಮುಖಿಗಳ ನೆಲವಾಗಿತ್ತು. ಡೇವಿಡ್‌ಸನ್ ಬೆಟ್ಟದ ಬುಡದಲ್ಲಿ ನೆಲವು ಉದ್ದಕ್ಕೆ ಸೀಳಿ, ಪೂರ್ವದ ಕಡೆಯ ಬಂಡೆಗಳು ಕೆಳಕ್ಕೆ ಜರಿದುವು. ಆಳದ ಬೆಂಕಿಶಿಲೆಯ ಕಾವಿನಿಂದ ಕಾದ ನೀರು ಲೋಹಗಳನ್ನು ಕರಗಿಸಿಕೊಂಡು ಈ ಸೀಳಿನಲ್ಲಿ ಮೇಲೇರಿತು. ಮೇಲೇರಿದಂತೆ ಒತ್ತಡ ಕಡಮೆಯಾಗಿ ನೀರು ಕುದಿಯಿತು. ಕುದಿದಾಗ ಬೆಣಚುಕಲ್ಲಿನೊಡನೆ ಚಿನ್ನ ಬೆಳ್ಳಿಗಳೂ ಸೀಳಿನ ಗೋಡೆಗೆ ಅಂಟಿ ನಿಂತುವು. ಇಡೀ ಸೀಳಿನಲ್ಲಿ ಅವು ಸಮನಾಗಿ ಹರಡಿಲ್ಲ. ಅಲ್ಲೊಂದು ಇಲ್ಲೊಂದು ಗಂಟುಗಳಾಗಿ ನಿಂತಿವೆ. ಹೀಗಾಗಿಯೇ 1870ರ ವೇಳೆಗೆ ಸಿರೆ ಬರಿದಾಯಿತೆಂದು ಅನೇಕರು ಕೈಚೆಲ್ಲಿದ್ದರೂ, 1873ರಲ್ಲಿ ಸುಮಾರು 1200 ಅಡಿಗಳ ಆಳದಲ್ಲಿ ಎಲ್ಲಕ್ಕಿಂತ ದೊಡ್ಡ ಗಂಟು ಸಿಕ್ಕಿತು.

ವಿದ್ವಾಂಸರೂ ಇಲ್ಲಿ ಒಂದು ಪಾಠ ಕಲಿತರು. ಸಿರೆಯ ಸುತ್ತಲಿನ ಹಸುರು ಛಾಯೆಯ ಬಂಡೆಯನ್ನು ಜರ್ಮನಿಯ ರಿಕ್ಟ್‌ಹೋಫೆನನು 1860ರ ದಶಕದಲ್ಲಿ ಪ್ರತ್ಯೇಕ ಶಿಲೆಯೆಂದೆಣಿಸಿ ‘ಪ್ರೊಪಿಲೈಟ್’ ಎಂದು ಕರೆದನು. 1882ರಲ್ಲಿ ಜಾರ್ಜ್ ಬೆಕರನು, ಅದು ಬೇರೆ ಶಿಲೆಯಲ್ಲ, ಆಂಡೆಸೈಟ್ ಮೊದಲಾದ ಶಿಲೆಗಳೇ ಮಾರ್ಪಟ್ಟು ಆದ ರೂಪವೆಂದು ತೋರಿಸಿಕೊಟ್ಟನು. ಬಿಸಿನೀರು ಹಾದುಹೋದ ಹೆಜ್ಜೆಗುರುತು ಅದು. ಇಂದು ಇಂತಹ ಸಿರೆಗಳನ್ನು ಅರಸುವ ಭೂವಿಜ್ಞಾನಿಯು ಚಿನ್ನವನ್ನು ಹುಡುಕುವುದಕ್ಕೆ ಮೊದಲು ಈ ಬಣ್ಣಗೆಟ್ಟ ಬಂಡೆಯನ್ನೇ ಹುಡುಕುತ್ತಾನೆ.

ಇಷ್ಟು ಹೇಳಿ ಜಯಘೋಷದೊಡನೆ ಮುಗಿಸಿಬಿಡುವುದು ಸುಲಭ. ಕಾಮ್‌ಸ್ಟಾಕಿನಿಂದ ಸುಮಾರು 250 ಟನ್ ಚಿನ್ನವೂ 6000 ಟನ್ನಿನಷ್ಟು ಬೆಳ್ಳಿಯೂ ಬಂದುವೆಂಬುದು ನಿಜವೇ. ಆದರೆ ಬೆಳ್ಳಿಯನ್ನು ಬೇರ್ಪಡಿಸಲು ಪುಡಿಮಾಡಿದ ಅದಿರನ್ನು ಉಪ್ಪು, ಮೈಲುತುತ್ತ, ಪಾದರಸಗಳೊಡನೆ ಬಿಸಿ ಮಾಡಿದ ಕಬ್ಬಿಣದ ಬಾನಿಗಳಲ್ಲಿ ಕಲಸುತ್ತಿದ್ದರು. ಬೆಳ್ಳಿಯನ್ನು ತೆಗೆದುಕೊಂಡು ಕೆಸರನ್ನು ಹೊರಕ್ಕೆ ಬಿಟ್ಟರು. ಹೀಗೆ ಕಳೆದುಹೋದ ಪಾದರಸ ಸುಮಾರು 6000 ಟನ್ನೆಂದು ಅಂದಾಜು. ಅದು ಕಾರ್ಸನ್ ನದಿಯ ಪಾತ್ರಕ್ಕೆ ಇಳಿಯಿತು. ಸೂಕ್ಷ್ಮಜೀವಿಗಳು ಅದನ್ನು ಇನ್ನೂ ಘೋರವಾದ ವಿಷವನ್ನಾಗಿ ಮಾರ್ಪಡಿಸಿದುವು. ವಿಷವು ಮೀನುಗಳ ಮೈಸೇರಿತು. ಗಣಿಗಳ ವೈಭವ ಅಳಿದು ನೂರು ವರ್ಷಗಳಾದ ಮೇಲೆ, 1990ರಲ್ಲಿ, ಅಮೆರಿಕ ಸರ್ಕಾರವು ಆ ನದೀಪ್ರದೇಶವನ್ನು ಶುದ್ಧಿಗೆ ಅರ್ಹವಾದ ವಿಷಸ್ಥಳಗಳ ಪಟ್ಟಿಗೆ ಸೇರಿಸಬೇಕಾಯಿತು.

ನೀಲಿ ಮಣ್ಣನ್ನು ಎಸೆದುದಕ್ಕೂ ಪಾದರಸದ ಕೆಸರನ್ನು ಎಸೆದುದಕ್ಕೂ ಮೂಲವಾದ ದೋಷ ಒಂದೇ ಎಂಬುದು ನಮ್ಮ ಅಭಿಪ್ರಾಯ. ತಮಗೆ ಬೇಕಾದುದೊಂದನ್ನೇ ನೋಡಿ, ಉಳಿದುದೆಲ್ಲವೂ ಏನೂ ಅಲ್ಲವೆಂದು ಬಗೆದರು. ಮೊದಲ ಸಾರಿ ಲಾಭ ಕೈತಪ್ಪುವುದರಲ್ಲಿತ್ತು. ಎರಡನೆಯ ಸಾರಿ ಮೊಮ್ಮಕ್ಕಳ ಕಾಲಕ್ಕೆ ನಷ್ಟ ಉಳಿಯಿತು. ಆ ಕಾಲದವರಿಗೆ ಏನು ಗೊತ್ತಿತ್ತು ಎಂದು ಕೆಲವರು ಕೇಳಬಹುದು. ಮೀನಿನ ಮೈಯಲ್ಲಿ ನಡೆಯುವುದು ಗೊತ್ತಿರಲಿಲ್ಲ, ಒಪ್ಪುತ್ತೇವೆ. ಆದರೆ ಪಾದರಸದ ಕೆಲಸಗಾರರ ಕೈಕಾಲು ನಡುಗುವುದು ಯೂರೋಪಿನಲ್ಲಿ ಶತಮಾನಗಳಿಂದ ತಿಳಿದ ಸಂಗತಿ. ಬೆಳ್ಳಿಗಾಗಿ ಮಣ್ಣನ್ನು ಒರೆಹಚ್ಚಿದವರು ವಿಷಕ್ಕಾಗಿ ಕೆಸರನ್ನು ಒರೆಹಚ್ಚಲಿಲ್ಲ. ಬೆಳ್ಳಿಗೆ ಕೊಳ್ಳುವವರಿದ್ದರು; ವಿಷದ ಲೆಕ್ಕವನ್ನು ಕೇಳುವವರಿರಲಿಲ್ಲ.

ದೂರದ ನೆವಾಡದ ಈ ಮಾತು ನಮಗೇಕೆ? ನಮ್ಮ ಕೋಲಾರದ ಸಿರೆಗಳು ತೀರ ಬೇರೆ ಜಾತಿಯವು. ಅಲ್ಲಿನ ಬಂಡೆಗಳಿಗೆ 250 ಕೋಟಿ ವರ್ಷಗಳಿಗೂ ಮೀರಿದ ವಯಸ್ಸು. ಆದರೆ ಎಸೆದ ಮಣ್ಣಿನ ಪ್ರಶ್ನೆ ಎರಡು ಕಡೆಯೂ ಒಂದೇ. 2001ರಲ್ಲಿ ಗಣಿ ಮುಚ್ಚಿತು. ಚಿನ್ನ ತೆಗೆದು ಬಿಸುಟ ನುಣ್ಣನೆಯ ಪುಡಿ ಮಾತ್ರ ಸೈನೈಡ್ ಗುಡ್ಡಗಳೆಂಬ ಹೆಸರಿನಿಂದ ಊರಿನ ನಡುವೆ ನಿಂತಿದೆ. ಗಾಳಿಯ ದಿನಗಳಲ್ಲಿ ಆ ಧೂಳು ಮನೆಗಳ ಮೇಲೆ ಬೀಳುತ್ತದೆ. ಆ ಪುಡಿಯಲ್ಲಿ ಇನ್ನೂ ಅಲ್ಪಸ್ವಲ್ಪ ಚಿನ್ನವುಂಟು. ಟಂಗ್‌ಸ್ಟನ್ನಿನ ಅದಿರೂ ಉಂಟು. ಅದನ್ನು ಮತ್ತೆ ಸಂಸ್ಕರಿಸಬೇಕೆಂಬ ಆಲೋಚನೆ ಪದೇ ಪದೇ ತಲೆಯೆತ್ತುತ್ತದೆ.

ನಾವು ಅದಕ್ಕೆ ವಿರೋಧಿಗಳಲ್ಲ. ಕಸದಿಂದ ಲೋಹ ಬರುವುದಾದರೆ ಬರಲಿ. ಆದರೆ ಗುಡ್ಡಗಳಲ್ಲಿರುವ ಚಿನ್ನವನ್ನು ಅಳೆಯುವಷ್ಟೇ ಶ್ರದ್ಧೆಯಿಂದ ಧೂಳು, ಅಂತರ್ಜಲ, ಸುತ್ತಲಿನ ಹೊಲದ ಮಣ್ಣು ಇವುಗಳನ್ನೂ ಅಳೆಯತಕ್ಕದ್ದು. ಎರಡು ಲೆಕ್ಕಗಳನ್ನೂ ಒಂದೇ ಪತ್ರದಲ್ಲಿ, ಊರಿನವರು ಓದಬಲ್ಲ ಕನ್ನಡದಲ್ಲಿಯೂ ತಮಿಳಿನಲ್ಲಿಯೂ, ಕೆಲಸ ಆರಂಭವಾಗುವುದಕ್ಕೆ ಮೊದಲೇ ಪ್ರಕಟಿಸತಕ್ಕದ್ದು. ಟನ್ನಿಗೆ ಎಷ್ಟು ಗ್ರಾಂ ಚಿನ್ನವೆಂಬುದನ್ನು ಕಂಡುಹಿಡಿಯಬಲ್ಲ ಪ್ರಯೋಗಶಾಲೆಗೆ ಉಳಿದುದನ್ನು ಕಂಡುಹಿಡಿಯುವುದು ಅಸಾಧ್ಯವೇನೂ ಅಲ್ಲ. ಅದನ್ನು ಕೇಳುವ ಜನರು ಬೇಕು, ಅಷ್ಟೆ.