ಬಿಸಿಲಿನ ಸೀಮೆಗೆ ದೀಪದ ಬೇಸಾಯವೇಕೆ?

ಮಾಗಿಯ ಮಂಜು ಕರಗುತ್ತಿದ್ದಂತೆ ಹೆಗ್ಗಡದೇವನಕೋಟೆಯ ಹೊಲಗಳ ಮೇಲೆ ಬಿಸಿಲು ಹರಡುತ್ತದೆ. ವರ್ಷದ ಅತ್ಯಂತ ಚಿಕ್ಕ ಹಗಲೂ ಇಲ್ಲಿ ಹನ್ನೊಂದು ಗಂಟೆಗೂ ಹೆಚ್ಚು. ಅದೇ ದಿನ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಹಗಲು ಸುಮಾರು ಆರು ಗಂಟೆ ಮಾತ್ರ. ಅಂಥ ನಾಡಿನವರು ಚಳಿಗಾಲದಲ್ಲಿ ಕೋಣೆಯೊಳಗೆ ಎಲ್‌ಇಡಿ ದೀಪವುರಿಸಿ ಲೆಟ್ಯೂಸ್ ಸೊಪ್ಪು ಬೆಳೆಯುವುದಕ್ಕೆ ಕಾರಣವಿದೆ. ಅದನ್ನೇ ನಾಳಿನ ಕೃಷಿಯೆಂದು ಈ ಸೀಮೆಯ ವಿದ್ಯಾವಂತ ತರುಣರಿಗೆ ಬೋಧಿಸುವುದು ವಿವೇಕವೇ?

ಲೆಕ್ಕ ಸರಳವಾಗಿದೆ. ಒಂದು ಚದರ ಮೀಟರ್ ಮಡಿಗೆ ಬೇಕಾದಷ್ಟು ಬೆಳಕನ್ನು ಉತ್ತಮ ಎಲ್‌ಇಡಿ ದೀಪಗಳಿಂದಲೇ ಒದಗಿಸಿದರೂ ದಿನಕ್ಕೆ ಸುಮಾರು ಒಂದೂವರೆ ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. 35 ದಿನಗಳ ಬೆಳೆಗೆ 50 ಯೂನಿಟ್. ಕೈಸೇರುವ ಸೊಪ್ಪು ಮೂರು ನಾಲ್ಕು ಕಿಲೋ. ಕೋಣೆಯನ್ನು ತಂಪಾಗಿಡುವ ವೆಚ್ಚ ಬೇರೆ. ಅದೇ 50 ಯೂನಿಟ್ಟಿನಲ್ಲಿ ಹಾಡಿಯ ಮನೆಯೊಂದರ 9 ವ್ಯಾಟಿನ ಬಲ್ಬು, ದಿನಕ್ಕೆ ಐದು ಗಂಟೆಯಂತೆ, ಮೂರು ವರ್ಷ ಉರಿಯಬಲ್ಲದು.

ಈ ವಿದ್ಯುತ್ತು ಆಕಾಶದಿಂದ ಇಳಿಯುವುದಿಲ್ಲ. ಒಂದಷ್ಟು ರಾಯಚೂರು, ಬಳ್ಳಾರಿಗಳ ಕಲ್ಲಿದ್ದಲ ಹೊಗೆಯಿಂದ ಬರುತ್ತದೆ. ಒಂದಷ್ಟು 1964ರಲ್ಲಿ ಲಿಂಗನಮಕ್ಕಿ ಜಲಾಶಯ ಮುಳುಗಿಸಿದ ಮಲೆನಾಡಿನ ಊರುಗಳ ಮೇಲಿಂದ ಹರಿದು ಬರುತ್ತದೆ. 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯಕ್ಕೆ ಊರು ಬಿಟ್ಟುಕೊಟ್ಟವರ ತಾಲ್ಲೂಕಿಗೆ ಮುಳುಗಡೆಯ ಬೆಲೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ.

ಇಂಧನ ನುಂಗುವ ಎಲೆಯೊಂದನ್ನೂ ಹುಣಸೂರು, ಪಿರಿಯಾಪಟ್ಟಣ, ಕೋಟೆ ತಾಲ್ಲೂಕುಗಳು ಬಲ್ಲವು. ತಂಬಾಕಿನ ಬ್ಯಾರನ್ನಿನಲ್ಲಿ ಒಂದು ಕಿಲೋ ಎಲೆ ಹದಗೊಳ್ಳಲು ನಾಲ್ಕೈದು ಕಿಲೋ ಸೌದೆ ಉರಿಯುತ್ತದೆ. ದೂರದ ಮಾರುಕಟ್ಟೆಯನ್ನೇ ನಂಬಿ, ಸಾಲ ತೆತ್ತು, ಮರ ಸುಟ್ಟು ಬೆಳೆಯುವ ಕಷ್ಟ ಅಲ್ಲಿಯೇ ಸಾಕಷ್ಟಾಗಿದೆ. ದೀಪದ ಲೆಟ್ಯೂಸು ಅದೇ ಹಾದಿಯ ಹೊಸ ಪಯಣಿಗ. ಕರೆಂಟು ಹೋಗಿ ನೀರು ಹರಿಸುವ ಪಂಪು ನಿಂತರೆ ಮಣ್ಣಿಲ್ಲದ ಬೇರು ಕೆಲವೇ ಗಂಟೆಗಳಲ್ಲಿ ಬಾಡುತ್ತದೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಮಣ್ಣಿಲ್ಲದ ಬೇಸಾಯದಲ್ಲಿ ಕಲಿಯತಕ್ಕದ್ದೇನೂ ಇಲ್ಲವೆಂದಲ್ಲ. ಬಳಸಿದ ನೀರನ್ನೇ ಮರಳಿ ಹರಿಸುವ ಅದರ ಜಾಣ್ಮೆಯಿಂದ ನೀರಿನ ಉಳಿತಾಯ ನಿಜಕ್ಕೂ ದೊಡ್ಡದು. ಆ ಜಾಣ್ಮೆಗೆ ಮುಚ್ಚಿದ ಕೋಣೆ ಬೇಕಿಲ್ಲ. ಸೂರ್ಯನ ಕೆಳಗೆ ನೆರಳುಬಲೆ ಕಟ್ಟಿದರೂ ಅದು ನಡೆಯುತ್ತದೆ.

ಲೆಟ್ಯೂಸು ತಂಪು ಬಯಸುವ ಸೊಪ್ಪು. ಬೇಸಿಗೆಯ ಕಾವಿಗೆ ಬೇಗ ಹೂವಿಗೆ ಬಂದು ಕಹಿಯಾಗುತ್ತದೆ. ಆದ್ದರಿಂದ ಮಾಗಿಯೇ ಅದಕ್ಕೆ ಇಲ್ಲಿ ಸಹಜ ಕಾಲ. ಕಾರ್ತಿಕದಲ್ಲಿ ಗೊಬ್ಬರ ತುಂಬಿದ ಮಡಿಗೆ ಪೈರು ನೆಟ್ಟರೆ ಸಂಕ್ರಾಂತಿಯೊಳಗೆ ಕೊಯ್ಯಬಹುದು. ಕಬಿನಿ ಹಿನ್ನೀರಿನ ರೆಸಾರ್ಟುಗಳಿಗೆ ಅದು ಬೇಕಿದ್ದರೆ ಸುತ್ತಲಿನ ಹಿತ್ತಿಲುಗಳೇ ಒದಗಿಸಲಿ. ಅತಿಥಿಗಳ ತಟ್ಟೆಗೆ ಲೆಟ್ಯೂಸಿನ ಜೊತೆ ದಂಟು, ಹೊನಗೊನ್ನೆ, ಅಣ್ಣೆ, ಗಣಿಕೆಗಳ ಬೆರಕೆಸೊಪ್ಪಿನ ಸಾರೂ ಬರಲಿ. ಇವಕ್ಕೆ ದೀಪವೂ ಬೇಡ, ಸಾಲವೂ ಬೇಡ.

ಕತ್ತಲೆಯ ನಾಡು ದೀಪ ಹಚ್ಚಿಕೊಂಡರೆ ಅದು ಅನಿವಾರ್ಯ. ಬಿಸಿಲನ್ನು ಹೊರಗಿಟ್ಟು ಬಾಗಿಲು ಮುಚ್ಚಿ, ಆ ಬಿಸಿಲನ್ನೇ ಯೂನಿಟ್ಟಿನ ಲೆಕ್ಕದಲ್ಲಿ ಕೊಂಡುಕೊಳ್ಳುವುದು ಕೃಷಿಯ ಮುನ್ನಡೆ ಎನಿಸದು.