ಕೆಂಪು ಹಿಮದಲ್ಲಿ ಕಾಣದವರು

ಹೈದರಾಬಾದಿನ ಮೆಹದಿಪಟ್ಟಣಂನ ನಮ್ಮ ತಾರಸಿಯಲ್ಲಿ ಹಕ್ಕಿಗಳಿಗೆಂದು ನೀರಿಡುವ ಮಣ್ಣಿನ ತಟ್ಟೆಯೊಂದಿದೆ. ನಾಲ್ಕು ದಿನ ತೊಳೆಯದೆ ಬಿಟ್ಟರೆ ಅಂಚಿಗೆಲ್ಲ ಹಸಿರು ಕಟ್ಟುತ್ತದೆ, ಬೆರಳಿಟ್ಟರೆ ಜಾರುತ್ತದೆ. ಪಾಚಿ ಎನ್ನುತ್ತೇವೆ. ಆದರೆ ಆ ಲೋಳೆ ಪಾಚಿಯೊಂದರದ್ದೇ ಅಲ್ಲ. ಪಾಚಿ ಒಸರಿಸುವ ಸಕ್ಕರೆಯನ್ನು ತಿಂದು ಅದರ ಮಗ್ಗುಲಲ್ಲೇ ಬಾಳುವ ಬ್ಯಾಕ್ಟೀರಿಯಾಗಳ ಅಂಟೂ ಅದರಲ್ಲಿದೆ. ಬಣ್ಣ ಯಾರದೋ ಹೆಸರೂ ಅವರದೇ ಆಗಿಬಿಡುತ್ತದೆ.

ಹಿಮದ ಮೇಲೂ ಹೀಗೇ ಆಗಿದೆ. 1818ರಲ್ಲಿ ಗ್ರೀನ್‌ಲ್ಯಾಂಡಿನ ವಾಯವ್ಯ ಕರಾವಳಿಯಲ್ಲಿ ಸಾಗುತ್ತಿದ್ದ ಬ್ರಿಟಿಷ್ ನೌಕಾಧಿಕಾರಿ ಜಾನ್ ರಾಸ್‌ನ ನಾವಿಕರು ಕಡುಗೆಂಪು ಹಿಮ ಕಂಡು ಬೆರಗಾದರು. ಅಂಥ ಕೆಂಪು ಬರುವುದು ಒಂದೇ ಕೋಶದ ಪಾಚಿಯಿಂದ. ಸುಡುವ ಬಿಸಿಲನ್ನು ತಡೆಯಲು ಅದು ಅಸ್ಟಾಜ್ಯಾಂಥಿನ್ ಎಂಬ ಕೆಂಪನ್ನು ಮೈತುಂಬ ತುಂಬಿಕೊಳ್ಳುತ್ತದೆ. ಕರಗುವ ಹಿಮ ಬಡ ನೆಲ. ಅಲ್ಲಿ ಬಿಸಿಲುಂಟು, ನೀರುಂಟು, ಗೊಬ್ಬರ ಮಾತ್ರ ಅತ್ಯಲ್ಪ. ಪಾಚಿ ಬಿಸಿಲಿನಿಂದ ಮಾಡಿದ ಅನ್ನವನ್ನು ಬ್ಯಾಕ್ಟೀರಿಯಾ ಉಣ್ಣುತ್ತದೆ. ಸತ್ತ ಕೋಶಗಳನ್ನು ಕೊಳೆಸಿ ಸಾರಜನಕವನ್ನು ಮತ್ತೆ ಚಲಾವಣೆಗೆ ಬಿಡುವುದೂ ಅದೇ.

ಹಾಗಾದರೆ ಜೀವಿಯೊಂದನ್ನು ಒಂಟಿಯಾಗಿ ಅರಿಯಲು ಸಾಧ್ಯವೇ? ನಮ್ಮ ನಗರದ ಇನ್ನೊಂದು ತುದಿಯಲ್ಲಿ, ಹಬ್ಸಿಗುಡದ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ, ಎಸ್. ಶಿವಾಜಿ ಮತ್ತು ಸಂಗಡಿಗರು ಅಂಟಾರ್ಕ್ಟಿಕದ, ಹಿಮಾಲಯದ ಚಳಿಯಲ್ಲಿ ಬಾಳುವ ಬ್ಯಾಕ್ಟೀರಿಯಾಗಳನ್ನು ಒಂದೊಂದಾಗಿ ಬೇರ್ಪಡಿಸಿ ಬೆಳೆಸಿದರು. ಹಿಮಾಲಯದ ಹಮ್ತಾ ಹಿಮನದಿಯಲ್ಲಿ ಸಿಕ್ಕು, 2006ರಲ್ಲಿ ಹೆಸರು ಪಡೆದ ಎಕ್ಸಿಗುವೊಬ್ಯಾಕ್ಟೀರಿಯಂ ಇಂಡಿಕಂ ಅವುಗಳಲ್ಲೊಂದು. ಒಂಟಿ ತಟ್ಟೆಯಲ್ಲಿ ಬೆಳೆದದ್ದು ನಿಜವಾದ ಬದುಕಲ್ಲ ಎಂದು ಈ ದುಡಿಮೆಯನ್ನು ತಳ್ಳಿಹಾಕುವವರನ್ನು ನಾನು ಒಪ್ಪಲಾರೆ. ಬಿಡಿಸಿ ನೋಡದೆ ಯಾರ ಪಾಲು ಎಷ್ಟೆಂದು ತಿಳಿಯುವ ದಾರಿಯೇ ಇಲ್ಲ. 2005ರಲ್ಲಿ ಬ್ರಿಟನ್ನಿನ ಸಂಶೋಧಕರು 326 ಬಗೆಯ ಪಾಚಿಗಳ ಲೆಕ್ಕ ತೆಗೆದಾಗ 171ಕ್ಕೆ ಬಿ12 ಜೀವಸತ್ವ ಹೊರಗಿನಿಂದಲೇ ಬೇಕೆಂದು ಕಂಡಿತು. ಅದನ್ನು ತಯಾರಿಸಬಲ್ಲದ್ದು ಬ್ಯಾಕ್ಟೀರಿಯಾದಂಥ ಜೀವಿ ಮಾತ್ರ. ಆ ನಂಟು ಗೊತ್ತಾದದ್ದು ಪಾಚಿಯನ್ನು ಒಂಟಿ ಮಾಡಿ, ಆಮೇಲೆ ಬ್ಯಾಕ್ಟೀರಿಯಾವನ್ನು ಜೊತೆಗೆ ಬಿಟ್ಟು ನೋಡಿದ್ದರಿಂದ. ಬಿಡಿಸುವುದು ತಪ್ಪಲ್ಲ, ಬಿಡಿಸಿದ್ದನ್ನು ಮತ್ತೆ ಕೂಡಿಸದಿರುವುದು ತಪ್ಪು.

ಕೂಡಿಸಿ ನೋಡಿದವರು ಇನ್ನೊಂದು ಅವಸರಕ್ಕೆ ಬೀಳುತ್ತಾರೆ. ಕೂಡಿ ಬಾಳುವುದನ್ನು ಕಂಡ ಕೂಡಲೇ ಅದನ್ನು ಸ್ನೇಹವೆನ್ನುತ್ತಾರೆ. ಕಡಲಿನ ಎಮಿಲಿಯಾನಿಯಾ ಎಂಬ ಪಾಚಿ ಚೆನ್ನಾಗಿದ್ದಾಗ ಫಿಯೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಅದನ್ನು ಬೆಳೆಸುತ್ತದೆ, ಬೇರೆ ಸೂಕ್ಷ್ಮಜೀವಿಗಳಿಂದ ಕಾಯುತ್ತದೆ. ಪಾಚಿ ಮುಪ್ಪಾಗಿ ಕುಸಿಯುತ್ತಿರುವ ರಾಸಾಯನಿಕ ಸುಳಿವು ಸಿಕ್ಕಿತೆಂದರೆ ಅದೇ ಬ್ಯಾಕ್ಟೀರಿಯಾ ವಿಷ ಕಾರಿ ಕೊಲ್ಲುತ್ತದೆ. ಇದು 2011ರಲ್ಲಿ ತಿಳಿದ ಸಂಗತಿ. ಹಗೆ, ಸ್ನೇಹ ಎರಡೂ ಆ ಜೀವಿಯ ಹುಟ್ಟುಗುಣವಲ್ಲ, ಆ ಹೊತ್ತಿನ ಪರಿಸ್ಥಿತಿ. ಹಿಮಾಲಯದ ಹಿಮದ ಜೊತೆವಾಸವನ್ನೂ ಮುಂಗಾರಿಗೆ ಮುಂಚೆ ಒಂದು ಸಲ, ಕರಗಿ ಮುಗಿಯುವಾಗ ಇನ್ನೊಂದು ಸಲ ನೋಡಬೇಕೆನ್ನುವುದು ಇದಕ್ಕೇ.

ಇದು ಬರಿಯ ಕುತೂಹಲದ ಮಾತಲ್ಲ. ಕೆಂಪಾದ ಹಿಮ ಬಿಸಿಲನ್ನು ಹಿಂದಕ್ಕೆ ಎಸೆಯುವ ಬದಲು ಹೀರಿಕೊಳ್ಳುತ್ತದೆ. ಆರ್ಕ್ಟಿಕ್ ಪ್ರದೇಶದ ಬಗ್ಗೆ 2016ರಲ್ಲಿ ಬಂದ ಅಧ್ಯಯನವೊಂದರ ಪ್ರಕಾರ ಒಂದು ಕರಗುವ ಋತುವಿನಲ್ಲಿ ಹಿಮದ ಪ್ರತಿಫಲನ ಇದರಿಂದ ಶೇ. 13ರಷ್ಟು ಇಳಿಯಬಲ್ಲದು. ಅದೇ ಅಧ್ಯಯನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಮಾತೊಂದಿದೆ. ಐಸ್‌ಲ್ಯಾಂಡ್, ಸ್ವಾಲ್ಬಾರ್ಡ್, ಗ್ರೀನ್‌ಲ್ಯಾಂಡ್, ಸ್ವೀಡನ್, ಎಲ್ಲೆಡೆ ಪಾಚಿಗಳು ಹೆಚ್ಚುಕಡಿಮೆ ಅವೇ. ಬ್ಯಾಕ್ಟೀರಿಯಾ ಬಳಗ ಮಾತ್ರ ಊರಿಗೊಂದು ತೆರ. ಹೊಸ ಊರಿಗೆ ಹೋದ ಪಾಚಿಗೆ ಅಲ್ಲಿಯ ನೆರೆಹೊರೆಯೇ ಗತಿ. ಹಾಗಿದ್ದರೆ ಹಿಮಾಲಯದ ಲೆಕ್ಕವನ್ನು ಸ್ವಾಲ್ಬಾರ್ಡಿನಿಂದ ಎರವಲು ತರಲಾಗದು. ಹಮ್ತಾದ ಕಣಿವೆಗೇ ಹೋಗಿ, ಅಲ್ಲಿಯ ಒಂದು ಹಿಡಿ ಹಿಮದೊಳಗಿನ ಪಾಚಿಯನ್ನೂ ಬ್ಯಾಕ್ಟೀರಿಯಾವನ್ನೂ ಒಟ್ಟಿಗೇ ಎಣಿಸಬೇಕು.