ಸೂಟ್ ಒಂದು ದರ್ಜೆ ಇಳಿಯಲಿ, ದಡದ ಹೊತ್ತು ಹೆಚ್ಚಲಿ

ಬರುವ ಬೇಸಿಗೆಗೆ ಏಡ್ರಿಯಾಟಿಕ್, ಏಜಿಯನ್ ಕಡಲುಗಳ ಕ್ರೂಸ್‌ಗೆ ಹೊರಡಲಿರುವ ಕನ್ನಡಿಗರೇ, ಮುಂಗಡ ಕಟ್ಟುವ ಮೊದಲು ಈ ಎರಡು ಮಾತು ಓದಿ. ನಿವೃತ್ತಿಯ ಹಣದಲ್ಲಿ ಒಂದು ಪಾಲು ತೆಗೆದಿಟ್ಟು ಹೊರಟವರು ನೀವಿರಬಹುದು. ಜರ್ಮನಿಯಲ್ಲೋ ಲಂಡನ್ನಿನಲ್ಲೋ ಇರುವ ಮಕ್ಕಳು ಅಪ್ಪ ಅಮ್ಮನಿಗೆಂದು ಟಿಕೆಟ್ ತೆಗೆಸುತ್ತಿರಬಹುದು. ಹಡಗಿನ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಯಾವ ಡೆಕ್, ಯಾವ ಸೂಟ್, ಬಾಲ್ಕನಿ ಎಷ್ಟು ಅಡಿ ಎಂದು ಮನೆಮಂದಿಯೆಲ್ಲ ಲೆಕ್ಕ ಹಾಕುವ ಹೊತ್ತು ಇದು. ನನ್ನ ಕೋರಿಕೆ ಇಷ್ಟೇ. ಮನಸ್ಸಿಗೆ ಬಂದಿರುವ ಸೂಟ್‌ಗಿಂತ ಒಂದು ದರ್ಜೆ ಕೆಳಗಿನದನ್ನು ತೆಗೆದುಕೊಳ್ಳಿ. ಉಳಿದ ಹಣವನ್ನು ದಡದಲ್ಲಿ ಖರ್ಚು ಮಾಡಿ, ಅದೂ ಆಯಾ ಊರಿನವರ ಕೈಗೇ ಸೇರುವ ಹಾಗೆ.

ನಾನು ಮಂಗಳೂರಿನವಳು. ಈ ಯೋಚನೆ ನನಗೆ ಮೊದಲು ಬಂದದ್ದು ಹಡಗಿನಲ್ಲಲ್ಲ, ಮೂಡುಬಿದಿರೆಯಲ್ಲಿ. ಮಳೆಗಾಲ ಕಳೆದ ಮೇಲೆ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ. ಬೆಳಿಗ್ಗೆ ಬಂದದ್ದು ಸಂಜೆಗೆ ಹೊರಟುಬಿಡುತ್ತದೆ. ಆ ನಡುವಿನ ಹೊತ್ತಿನಲ್ಲಿ ಪ್ರವಾಸಿಗರನ್ನು ಬಸ್ಸುಗಳಲ್ಲಿ ಕಾರ್ಕಳದ ಗೊಮ್ಮಟ, ಸಾವಿರ ಕಂಬದ ಬಸದಿ, ಕುದ್ರೋಳಿ, ಸಂತ ಅಲೋಶಿಯಸ್ ಚಾಪೆಲ್, ಗೇರುಬೀಜದ ಕಾರ್ಖಾನೆ ಎಂದು ಸುತ್ತಿಸುತ್ತಾರೆ. ಅಂಥ ಒಂದು ದಿನ ನಾನು ಬಸದಿಯ ಜಗಲಿಯಲ್ಲಿ ಕೂತಿದ್ದೆ. 1430ರಲ್ಲಿ ಕಟ್ಟಿದ ಆ ಬಸದಿಯ ಮಂಟಪದ ಬುಡದಲ್ಲಿ ಜಿರಾಫೆಯ ಕೆತ್ತನೆ ಇದೆ, ಚೀನಾದ ಡ್ರ್ಯಾಗನ್ ಇದೆ. ತುಳುನಾಡಿನ ಶಿಲ್ಪಿಯ ಉಳಿಗೆ ಕಡಲಾಚೆಯ ಮೃಗ ಸಿಕ್ಕಿದ್ದು ಈ ಕರಾವಳಿಯ ವ್ಯಾಪಾರದಿಂದ. ಎಪ್ಪತ್ತು ದಾಟಿದ ವಿದೇಶಿ ಹೆಂಗಸೊಬ್ಬರು ಅದನ್ನು ತಾವಾಗಿಯೇ ಕಂಡುಹಿಡಿದು ಮೊಣಕಾಲೂರಿ ಕೂತರು. ಜಿರಾಫೆಯ ಕತ್ತಿನ ಗುಂಟ ಬೆರಳು ಆಡಿಸುತ್ತ ಗಂಡನನ್ನು ಕೂಗಿ ಕರೆದರು. ಅಷ್ಟರಲ್ಲಿ ಗೈಡ್ ಚಪ್ಪಾಳೆ ತಟ್ಟಿದ. ಕಾರ್ಕಳ ಇನ್ನೂ ಬಾಕಿ ಇತ್ತು.

ಹೊರಗೆ ಎಳನೀರು ಮಾರುವಾಕೆ ಬಸ್ಸು ಬಂತೆಂದು ಮೂರು ಬೊಂಡ ಕೆತ್ತಿ ಇಟ್ಟಿದ್ದಳು. ಪ್ರವಾಸಿಗರ ಕೈಯಲ್ಲಿ ಬಸ್ಸಿನಲ್ಲೇ ಕೊಟ್ಟ ನೀರಿನ ಬಾಟಲಿ ಇತ್ತು. ಎಲ್ಲರೂ ಆಕೆಗೆ ಕೈಬೀಸಿ ನಕ್ಕು ಬಸ್ಸು ಹತ್ತಿದರು. ಒಳ್ಳೆಯ ಜನ, ಅವರಲ್ಲಿ ತಪ್ಪೇನೂ ಇರಲಿಲ್ಲ. ನಿಲ್ಲಲು ಹೊತ್ತಿರಲಿಲ್ಲ, ಅಷ್ಟೇ. ಬಸ್ಸು ತಿರುವು ದಾಟಿದ ಮೇಲೆ ಆಕೆ ಕೆತ್ತಿದ ಮೂರರಲ್ಲಿ ಒಂದನ್ನು ನನಗೆ ಕೊಟ್ಟಳು.

ಎರಡು ವರ್ಷದ ಮೇಲೆ ನಾನೂ ನಮ್ಮವರೂ ಅಂಥದೇ ಹಡಗಿನಲ್ಲಿ ವೆನಿಸ್ ಕಡೆಯಿಂದ ಅಥೆನ್ಸ್‌ವರೆಗೆ ಹೋದೆವು. ಆಗ ಬಸ್ಸಿನ ಒಳಗೆ ಕೂತು ಕೈಬೀಸಿದವಳು ನಾನು.

ಕ್ರೊಯೇಷಿಯಾದ ಡುಬ್ರೊವ್ನಿಕ್‌ನಲ್ಲಿ ನಮ್ಮ ಹಡಗು ಒಂದು ರಾತ್ರಿ ತಂಗಿತ್ತು. ಮೊದಲ ದಿನ ಹಡಗಿನವರ ಮೂರು ಗಂಟೆಯ ಪ್ರವಾಸಕ್ಕೆ ಹೆಸರು ಕೊಟ್ಟಿದ್ದೆವು. ಹಳೇ ಊರಿನ ಗುಂಡುಲಿಚ್ ಚೌಕದಲ್ಲಿ ಬೆಳಗಿನ ಸಂತೆ ನೆರೆಯುತ್ತದೆ. ಸುತ್ತಲ ಹಳ್ಳಿಯ ಹೆಂಗಸರು ಒಣಗಿದ ಅಂಜೂರ, ಲ್ಯಾವೆಂಡರ್ ಚೀಲ, ಸಕ್ಕರೆ ಪಾಕದಲ್ಲಿ ಅದ್ದಿ ಒಣಗಿಸಿದ ಕಿತ್ತಳೆ ಸಿಪ್ಪೆ ಹರಡಿಕೊಂಡು ಕೂತಿರುತ್ತಾರೆ. ನಾನು ಅಂಜೂರ ತೂಗಿಸುತ್ತಿದ್ದಾಗ ಗುಂಪಿನ ನಂಬರ್ ಹಲಗೆ ಮೇಲೆದ್ದಿತು. ದುಡ್ಡು ಕೊಟ್ಟವಳು ಚಿಲ್ಲರೆಗೂ ಕಾಯದೆ ಓಡಿದೆ. ಆ ಅಜ್ಜಿ ಅಂಗಡಿ ಬಿಟ್ಟು ಓರ್ಲ್ಯಾಂಡೊ ಕಂಬದವರೆಗೆ ಹಿಂದೆಯೇ ಬಂದು, ನನ್ನ ಅಂಗೈ ಬಿಡಿಸಿ ಪೊಟ್ಟಣವನ್ನೂ ನಾಣ್ಯಗಳನ್ನೂ ಇಟ್ಟು ಬೆರಳು ಮಡಚಿ ಹೋದಳು. ಆಕೆಯ ಹೆಸರು ಕೇಳಲೂ ನನಗೆ ಬಿಡುವಿರಲಿಲ್ಲ.

ಮರುದಿನ ಹಡಗಿನವರ ಪ್ರವಾಸ ಬಿಟ್ಟು ಊರಿನದೇ ಗೈಡ್ ಒಬ್ಬಳನ್ನು ಗೊತ್ತುಮಾಡಿಕೊಂಡೆವು. 1,940 ಮೀಟರ್ ಉದ್ದದ ಕೋಟೆಗೋಡೆಯ ಮೇಲೆ ನಿಧಾನವಾಗಿ ನಡೆಸಿದಳು. ಕೆಳಗೆ ಹೆಂಚಿನ ಮಾಡುಗಳು. ಕೆಲವು ಹೆಂಚು ಮಾಸಲು, ಬಹುಪಾಲು ಹೊಸ ಕೆಂಪು. ಮಂಗಳೂರು ಹೆಂಚಿನ ಕೆಳಗೆ ಬೆಳೆದ ನನಗೆ ಆ ವ್ಯತ್ಯಾಸ ತಕ್ಷಣ ಕಣ್ಣಿಗೆ ಬಿತ್ತು, ಕೇಳಿದೆ. 1991–92ರ ಮುತ್ತಿಗೆಯಲ್ಲಿ ಶೆಲ್ ಬಿದ್ದು ಒಡೆದ ಮಾಡುಗಳೆಲ್ಲ ಹೊಸ ಹೆಂಚು ಹೊದ್ದಿವೆ ಎಂದಳು. 1991ರ ಡಿಸೆಂಬರ್ 6ರಂದು ಶೆಲ್ ಮಳೆ ಎಲ್ಲಕ್ಕಿಂತ ಜೋರಾಗಿತ್ತಂತೆ, ಆಗ ಅವಳಿಗೆ ಎಂಟು ವರ್ಷ. ಯಾವ ನೆಲಮಾಳಿಗೆಯಲ್ಲಿ ಅಡಗಿದ್ದರು ಎಂದು ಬೆರಳು ಮಾಡಿ ತೋರಿಸಿದಳು. ಆ ವರ್ಷ ಗೋಡೆಯೊಳಗೆ ಸುಮಾರು 5,000 ಜನ ವಾಸವಿದ್ದರು. ಈಗ ಅದರ ಅರ್ಧವೂ ಇಲ್ಲ. ಯುದ್ಧ ಮುಗಿದ ಮೇಲೂ ಜನ ಖಾಲಿಯಾಗುತ್ತಲೇ ಹೋದದ್ದಕ್ಕೆ ಕಾರಣ ನಮ್ಮಂಥವರ ದಟ್ಟಣೆ. ಮನೆಗಳು ಬಾಡಿಗೆ ಕೋಣೆಗಳಾದವು, ದಿನಸಿ ಅಂಗಡಿಗಳು ನೆನಪಿನ ಕಾಣಿಕೆಯ ಅಂಗಡಿಗಳಾದವು. ಕೊನೆಗೆ ನಗರಾಡಳಿತವೇ ಹಡಗು ಕಂಪನಿಗಳೊಂದಿಗೆ ಕೂತು ಮಾತಾಡಿ, ಒಂದೇ ಹೊತ್ತಿಗೆ ಎರಡಕ್ಕಿಂತ ಹೆಚ್ಚು ಹಡಗು ಬಾರದಂತೆ ಮಿತಿ ಹಾಕಿಕೊಂಡಿತು.

ಇನ್ನು ಸೂಟ್ ವಿಚಾರ. ದುಡ್ಡು ಜಾಸ್ತಿ ಕೊಟ್ಟಷ್ಟೂ ನಿದ್ದೆ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ ಹಡಗಿನಲ್ಲಿ ನಿಲ್ಲುವುದಿಲ್ಲ. ಹಡಗು ಅಲೆಯ ಮೇಲೆ ತೂಗುಹಲಗೆಯ ಹಾಗೆ ಏಳುತ್ತ ಬೀಳುತ್ತ ಸಾಗುತ್ತದೆ. ಎರಡು ತುದಿಗಳಲ್ಲಿ ಕುಲುಕಾಟ ಹೆಚ್ಚು, ನಡುವಿನಲ್ಲಿ ಕಡಿಮೆ. ಮೇಲಿನ ಡೆಕ್‌ಗೆ ಹೋದಷ್ಟೂ ಅಕ್ಕಪಕ್ಕದ ಓಲಾಟ ಜಾಸ್ತಿ. ಅತಿ ದುಬಾರಿ ಸೂಟ್‌ಗಳು ಎಷ್ಟೋ ಹಡಗುಗಳಲ್ಲಿ ಮೇಲಿನ ಡೆಕ್‌ನ ತುದಿಗಳಲ್ಲೇ ಇರುತ್ತವೆ. ತಲೆಸುತ್ತು ಬರುವವರಿಗೆ ನಡುಭಾಗದ, ಕೆಳಗಿನ ಡೆಕ್‌ನ ಸಾಧಾರಣ ಸೂಟೇ ಸುಖ. ನಕ್ಷೆಯಲ್ಲಿ ನಿಮ್ಮ ಸೂಟ್‌ನ ನೆತ್ತಿಯ ಮೇಲೇನಿದೆ, ಕಾಲ ಕೆಳಗೇನಿದೆ ಎಂದು ನೋಡಿ. ಮೇಲೆ ಈಜುಕೊಳದ ಡೆಕ್ ಇದ್ದರೆ ಬೆಳಕು ಹರಿಯುವ ಮುಂಚೆಯೇ ಕುರ್ಚಿ ಎಳೆಯುವ ಸದ್ದು, ಕೆಳಗೆ ರಂಗಮಂದಿರ ಇದ್ದರೆ ತಡರಾತ್ರಿಯವರೆಗೆ ವಾದ್ಯದ ಸದ್ದು. ತೀರಾ ಮುಂಭಾಗದ ಕೆಳಡೆಕ್‌ನಲ್ಲಿ ಲಂಗರಿನ ಸರಪಳಿ ಎಬ್ಬಿಸುತ್ತದೆ. ಸುತ್ತ ಮೇಲೆ ಕೆಳಗೆ ಬರೀ ಕೋಣೆಗಳೇ ಇರುವ ಜಾಗ ಹುಡುಕಿ. ಬಾಲ್ಕನಿಯ ಎದುರು ಜೀವರಕ್ಷಕ ದೋಣಿ ತೂಗಿದೆಯೇ, ಪಕ್ಕದ ಕೋಣೆಗೆ ನಡುಬಾಗಿಲು ಇದೆಯೇ ಎಂದು ಏಜೆಂಟರನ್ನು ಬಾಯಿಬಿಟ್ಟು ಕೇಳಿ.

ಬಾಲ್ಕನಿಗೆಂದು ಲಕ್ಷಗಟ್ಟಲೆ ಸುರಿಯುವವರಿಗೆ ಇನ್ನೊಂದು ಮಾತು. ಈ ಕಡಲಯಾನದ ಅತಿ ಸುಂದರ ಗಳಿಗೆ ಮಾಂಟೆನೀಗ್ರೊದ ಕೊಟೋರ್ ಕೊಲ್ಲಿಯ ಪ್ರವೇಶ. ಎರಡೂ ಕಡೆ ಬೆಟ್ಟ ಮೇಲೆದ್ದು ನಿಲ್ಲುತ್ತದೆ. ವೆರಿಗೆ ಎಂಬಲ್ಲಿ ಕಡಲು ಸುಮಾರು 340 ಮೀಟರ್‌ಗೆ ಕಿರಿದಾಗುತ್ತದೆ, ಆ ಗಂಟಲಿನೊಳಗೆ ಹಡಗು ಉಸಿರು ಹಿಡಿದು ನುಸುಳುತ್ತದೆ. ಬಾಲ್ಕನಿ ಎಷ್ಟೇ ದೊಡ್ಡದಿರಲಿ, ಅಲ್ಲಿಂದ ಒಂದು ಮಗ್ಗುಲು ಮಾತ್ರ ಕಾಣುತ್ತದೆ. ನಾವು ನಸುಕಿನಲ್ಲಿ ಶಾಲು ಹೊದ್ದು ತೆರೆದ ಡೆಕ್‌ಗೆ ಹೋದಾಗ ಅಲ್ಲಿ ಅತಿ ಕಡಿಮೆ ದರದ ಕೋಣೆಯವರೂ ಅತಿ ದೊಡ್ಡ ಸೂಟಿನವರೂ ಒಂದೇ ಕಂಬಿಗೆ ಒರಗಿ ನಿಂತಿದ್ದರು.

ಕೆಲವರಿಗೆ ಮಾತ್ರ ಸೂಟ್‌ನಲ್ಲಿ ಉಳಿತಾಯ ಬೇಡ ಎನ್ನುತ್ತೇನೆ. ಗಾಲಿಕುರ್ಚಿ ಬಳಸುವವರು, ಮಂಡಿ ಸೋತವರು, ಲಿಫ್ಟ್‌ಗೆ ಹತ್ತಿರದ, ಹೊಸ್ತಿಲಿಲ್ಲದ ಬಚ್ಚಲಿರುವ ಸೂಟನ್ನೇ ಹಟ ಹಿಡಿದು ಕೇಳಿ. ಅಂಥವು ಒಂದು ಹಡಗಿನಲ್ಲಿ ಕೆಲವೇ ಕೆಲವು. ಜಾಗ ವಿಶಾಲವಾಗಿದೆ ಎಂದು ಗಟ್ಟಿಮುಟ್ಟಾಗಿರುವವರು ಅವನ್ನು ಹಿಡಿಯಬೇಡಿ, ದಯವಿಟ್ಟು.

ಈಗ ದಡದ ಪ್ರವಾಸ. ಐಷಾರಾಮಿ ಕಂಪನಿಗಳಲ್ಲಿ ಕೆಲವು ಇದನ್ನು ಟಿಕೆಟ್ಟಿನೊಳಗೇ ಸೇರಿಸಿರುತ್ತವೆ. ರೀಜೆಂಟ್ ಸೆವೆನ್ ಸೀಸ್‌ನವರದು ಹಾಗೆ, ವೈಕಿಂಗ್‌ನವರು ಹೆಚ್ಚಿನ ಬಂದರುಗಳಲ್ಲಿ ಒಂದೊಂದು ಕೊಡುತ್ತಾರೆ. ಪುಕ್ಕಟೆ ಸಿಕ್ಕಿದೆ ಎಂದು ಪ್ರತಿ ಊರಿನಲ್ಲೂ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ತುಂಬಿಸಿಕೊಳ್ಳುವ ಆಸೆ ಬರುತ್ತದೆ. ನಮ್ಮ ಗುಂಪಿನಲ್ಲಿ ಹಾಗೆ ಮಾಡಿದವರಿಗೆ ಎಂಟನೇ ದಿನಕ್ಕೆ ಯಾವ ಕೋಟೆ ಯಾವ ಊರಿನದು ಎಂಬುದೇ ಕಲಸಿಹೋಗಿತ್ತು. ಮೂರು ಬಂದರುಗಳಲ್ಲಿ ಒಂದನ್ನಾದರೂ ಖಾಲಿ ಬಿಡಿ. ಆ ದಿನ ಊರಿನ ಬಸ್ಸು ಹತ್ತಿ, ಊರಿನ ಹೋಟೆಲಿನಲ್ಲಿ ಉಣ್ಣಿ. ಸಸ್ಯಾಹಾರಿಗಳಿಗೆ ಏನೂ ಸಿಗದೆಂಬ ಹೆದರಿಕೆ ಬೇಡ. ಕ್ರೊಯೇಷಿಯಾದ ಕರಾವಳಿಯಲ್ಲಿ ಬ್ಲಿಟ್ವಾ ಎಂಬ ಸೊಪ್ಪನ್ನು ಆಲೂಗೆಡ್ಡೆ, ಬೆಳ್ಳುಳ್ಳಿ ಹಾಕಿ ಬೇಯಿಸುತ್ತಾರೆ. ನಮ್ಮ ಹರಿವೆ ಪಲ್ಯವನ್ನು ನೆನಪಿಸುವ ರುಚಿ.

ಕೊಟೋರ್‌ನಲ್ಲಿ ನಾವು ಹೀಗೇ ಮಾಡಿದೆವು. ಹಡಗಿನ ಪಟ್ಟಿಯಲ್ಲಿ ಪೆರಾಸ್ಟ್ ಊರು ಮತ್ತು ಬಂಡೆಯ ಮಾತೆಯ ದ್ವೀಪ ಎಂಬ ಪ್ರವಾಸ ಇತ್ತು. ನಾವು ಊರಿನ ಬಸ್ಸಿನಲ್ಲಿ ಹನ್ನೆರಡು ಕಿಲೋಮೀಟರ್ ಹೋಗಿ ಪೆರಾಸ್ಟ್‌ನಲ್ಲಿ ಇಳಿದೆವು. ದಡದಲ್ಲಿದ್ದ ದೋಣಿಯವನು ಕೆಲವೇ ಯೂರೊಗೆ ದ್ವೀಪಕ್ಕೆ ಕರೆದೊಯ್ದ. ಆ ದ್ವೀಪ ಪ್ರಕೃತಿ ಕೊಟ್ಟದ್ದಲ್ಲ, ಜನ ಕಟ್ಟಿದ್ದು. 1452ರಲ್ಲಿ ಮೀನುಗಾರ ಸೋದರರಿಗೆ ಕಡಲ ಬಂಡೆಯ ಮೇಲೆ ಮೇರಿಯಮ್ಮನ ಚಿತ್ರಪಟ ಸಿಕ್ಕಿತೆಂಬ ಐತಿಹ್ಯ. ಅಂದಿನಿಂದ ಕಲ್ಲು ಮುಳುಗಿಸುತ್ತ ಮುಳುಗಿಸುತ್ತ ನೆಲ ಮಾಡಿಕೊಂಡರು. ಇವತ್ತಿಗೂ ಪ್ರತಿ ಜುಲೈ 22ರ ಸಂಜೆ ಪೆರಾಸ್ಟ್‌ನವರು ದೋಣಿಗಳ ಸಾಲು ಕಟ್ಟಿ, ಕಲ್ಲು ತುಂಬಿಕೊಂಡು ಹೋಗಿ ದ್ವೀಪದ ಸುತ್ತ ಹಾಕುತ್ತಾರೆ. ಇದನ್ನು ಹೇಳುವಾಗ ದೋಣಿಯವನು ಎಂಜಿನ್ ನಿಲ್ಲಿಸಿದ. ತಾನು ಚಿಕ್ಕವನಿದ್ದಾಗ ಅಜ್ಜನ ದೋಣಿಯಿಂದ ಹಾಕಿದ ಕಲ್ಲು ಯಾವ ಮಗ್ಗುಲಲ್ಲಿದೆ ಎಂದು ನೀರಿನತ್ತ ಕೈ ತೋರಿಸಿದ.

ಹಡಗಿನವರ ಪ್ರವಾಸ ಎಲ್ಲ ಕಡೆಯೂ ಬೇಡ ಎನ್ನುತ್ತಿಲ್ಲ. ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ, ನಿಮ್ಮ ಟ್ಯಾಕ್ಸಿ ತಡವಾದರೆ ಕಾಯುವುದಿಲ್ಲ. ಬಂದರಿನಿಂದ ದೂರದ ಜಾಗಗಳಿಗೆ ಅವರೊಂದಿಗೇ ಹೋಗಿ, ಕಾಲ್ನಡಿಗೆಯ ಊರನ್ನು ನೀವೇ ನೋಡಿ. ಕೊನೆಯ ಕರೆಗೆ ಒಂದು ಗಂಟೆ ಮುಂಚೆಯೇ ಹಡಗಿನ ಬಳಿ ಇರಿ. ಮಾಂಟೆನೀಗ್ರೊ ಶೆಂಗೆನ್ ವಲಯದ ಹೊರಗಿರುವುದರಿಂದ ಶೆಂಗೆನ್ ವೀಸಾ ಹಲವು ಬಾರಿ ಪ್ರವೇಶದ್ದೇ ಆಗಿರಬೇಕು, ವಿಮೆಯಲ್ಲಿ ನಡುಗಡಲಿನಿಂದ ಆಸ್ಪತ್ರೆಗೆ ಸಾಗಿಸುವ ಖರ್ಚೂ ಸೇರಿರಬೇಕು.

ಸ್ಯಾಂಟೊರಿನಿಯಲ್ಲಂತೂ ಹಡಗಿನ ಪ್ರವಾಸವೇ ಮೇಲು. ಅಲ್ಲಿ ಹಡಗು ಕಡಲಲ್ಲೇ ನಿಲ್ಲುತ್ತದೆ. ಟೆಂಡರ್ ದೋಣಿಯಲ್ಲಿ ಹಳೇ ಬಂದರಿಗೆ ಇಳಿದರೆ ಫಿರಾ ಊರು ನೆತ್ತಿಯ ಮೇಲಿದೆ. ಏರಲು ಕೇಬಲ್ ಕಾರ್, ಇಲ್ಲವೇ 600ರ ಹತ್ತಿರ ಮೆಟ್ಟಿಲು, ಇಲ್ಲವೇ ಹೇಸರಗತ್ತೆಯ ಬೆನ್ನು. ಹೇಸರಗತ್ತೆ ಹತ್ತಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಪ್ರಾಣಿಯ ತೂಕದ ಐದನೇ ಒಂದು ಪಾಲು ಅಥವಾ 100 ಕಿಲೊ ಮೀರಿ ಹೊರಿಸಬಾರದೆಂದು ಗ್ರೀಸ್ 2018ರಲ್ಲೇ ನಿಯಮ ಮಾಡಬೇಕಾಯಿತೆಂದರೆ ಅಲ್ಲಿಯವರೆಗೆ ಅವು ಪಟ್ಟ ಪಾಡು ಯೋಚಿಸಿ. ಹಡಗಿನ ಪ್ರವಾಸದವರನ್ನು ಸಾಮಾನ್ಯವಾಗಿ ಬೇರೆ ಬಂದರಿನಲ್ಲಿ ಇಳಿಸಿ ಬಸ್ಸಿನಲ್ಲಿ ಮೇಲಕ್ಕೆ ಒಯ್ಯುತ್ತಾರೆ. 15,000 ಚಿಲ್ಲರೆ ಜನರ ಆ ದ್ವೀಪ ದಿನಕ್ಕೆ 8,000 ಕ್ರೂಸ್ ಪ್ರವಾಸಿಗರ ಮಿತಿ ಹಾಕಿಕೊಂಡಿದೆ. 2025ರ ಜುಲೈಯಿಂದ ಬೇಸಿಗೆಯ ದಟ್ಟಣೆಯ ತಿಂಗಳುಗಳಲ್ಲಿ ತಲೆಗೆ 20 ಯೂರೊ ಶುಲ್ಕವೂ ಇದೆ. ಹಡಗಿನ ಬಿಲ್ಲಿನಲ್ಲಿ ಅದು ಕಂಡಾಗ ಗೊಣಗಬೇಡಿ. ವೆನಿಸ್‌ನಲ್ಲೂ ಇಟಲಿ ಸರ್ಕಾರ 2021ರ ಆಗಸ್ಟ್‌ನಲ್ಲಿ 25,000 ಟನ್ ಮೀರಿದ ಹಡಗುಗಳನ್ನು ಜುದೆಕ್ಕಾ ಕಾಲುವೆಗೆ ಬಿಡುವುದನ್ನು ನಿಲ್ಲಿಸಿತು. ಕೋಣೆಯಿಂದಲೇ ಸಂತ ಮಾರ್ಕನ ಚೌಕ ನೋಡುವ ಸುಖ ಹೋಯಿತೆಂದು ಹಡಗಿನಲ್ಲಿ ಕೆಲವರು ಬೇಸರಪಟ್ಟರು. ಆ ಚೌಕದ ಬಳಿ ಬಾಳುವವರ ಕಿಟಕಿಗೆ ಆಕಾಶ ವಾಪಸ್ ಬಂತು.

ಹಡಗು ಆರಿಸುವಾಗಲೇ ಒಂದು ಕೆಲಸ ಮಾಡಿ. ಬಂದರುಗಳು ಯಾವ ದಿನ ಎಷ್ಟು ಹಡಗು ಬರುತ್ತವೆಂದು ಮುಂಚಿತವಾಗಿ ಪ್ರಕಟಿಸುತ್ತವೆ. ನಿಮ್ಮ ದಿನಕ್ಕೆ ಕಿಕ್ಕಿರಿದಿದ್ದರೆ ಏಪ್ರಿಲ್‌ಗೋ ಅಕ್ಟೋಬರ್‌ಗೋ ತಾರೀಕು ಬದಲಿಸಿ. ಸಂಜೆ ಐದಕ್ಕೆ ದಡ ಬಿಡುವ ಹಡಗಿಗಿಂತ ರಾತ್ರಿ ಹತ್ತರವರೆಗೆ ನಿಲ್ಲುವ, ಸಾಧ್ಯವಾದರೆ ತಂಗುವ ಹಡಗನ್ನು ಆರಿಸಿ, ಅದಕ್ಕಾಗಿ ಸೂಟ್ ಇನ್ನೊಂದು ದರ್ಜೆ ಇಳಿದರೂ ಸರಿ.

ಕೊನೆಯ ರಾತ್ರಿ ಹಡಗಿನವರು ಅಭಿಪ್ರಾಯ ಕೇಳುವ ಹಾಳೆ ಕೊಡುತ್ತಾರೆ. ಸೂಟ್‌ಕೇಸ್ ತುಂಬುವ ಗಡಿಬಿಡಿಯಲ್ಲಿ ನಕ್ಷತ್ರಗಳಿಗೆ ಗುರುತು ಹಾಕಿ ಹಿಂದಿರುಗಿಸಬೇಡಿ, ಕೂತು ಬರೆಯಿರಿ. ಮುಂದಿನ ವರ್ಷ ಯಾವ ಊರಿನಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಎಷ್ಟು ಬಸ್ಸು ಓಡಿಸಬೇಕು ಎಂದು ನಿರ್ಧರಿಸುವವರು ಅದನ್ನು ಓದುತ್ತಾರೆ. ಸಂತೆಯಲ್ಲಿ ಎರಡು ಗಂಟೆ ಬೇಕಿತ್ತು ಎಂದು ಬರೆಯಿರಿ. ಆ ಊರಿನಲ್ಲೇ ಹುಟ್ಟಿ ಬೆಳೆದ ಗೈಡ್ ಬೇಕು ಎಂದು ಬರೆಯಿರಿ. ನಾನು ನನ್ನ ಹಾಳೆಯ ತುದಿಯಲ್ಲಿ, ಯಾರೂ ಕೇಳದಿದ್ದರೂ, ನಿಮ್ಮ ಹಡಗು ಮಂಗಳೂರಿಗೆ ಬಂದರೆ ಮೂಡುಬಿದಿರೆಯಲ್ಲಿ ಇನ್ನೊಂದು ಗಂಟೆ ನಿಲ್ಲಲಿ, ಮಂಟಪದ ಬುಡದಲ್ಲಿ ಜಿರಾಫೆ ಇದೆ, ಬಾಗಿಲಿನ ಹೊರಗೆ ಎಳನೀರು ಸಿಗುತ್ತದೆ ಎಂದು ಬರೆದು ಬಂದಿದ್ದೇನೆ.